ಗೀಜಗನ ಅರ್ಧ ಗೂಡುಗಳು

1971ರ ಆಗಸ್ಟ್ 9, ಸೋಮವಾರ. ನನ್ನ ದಿನಚರಿಯಲ್ಲಿ ಹೀಗಿದೆ: "ಬಾವಿಯ ಮೇಲೆ ಬಾಗಿದ ಜಾಲಿಮರದಲ್ಲಿ ಗೀಜಗನ ಗೂಡು ನಾಲ್ಕು. ಪೂರ್ತಿಯಾದದ್ದು ಒಂದೇ. ಉಳಿದವನ್ನು ಅರ್ಧಕ್ಕೆ ಬಿಟ್ಟದ್ದು ಯಾಕೆ ಎಂದು ಮಂದಾಕಿನಿ ಕೇಳಿದಳು." ಅಂದು ಮಗಳಿಗೆ ಹೇಳಿದ ಕಥೆ ಇದು.

ಭೂಮಿ ಇನ್ನೂ ಸುಡದ ಮಡಕೆಯ ಹಾಗೆ ಹಸಿಹಸಿಯಾಗಿದ್ದ ಕಾಲ. ಆಗ ಗೀಜಗನಷ್ಟು ಚೆನ್ನಾಗಿ ಹಾಡುವ ಹಕ್ಕಿ ಇನ್ನೊಂದಿರಲಿಲ್ಲ. ಅವನು ಹಾಡಿದರೆ ಗಾಳಿ ನಿಂತು ಕೇಳುತ್ತಿತ್ತು. ಹಾಡು ಮುಗಿದ ಮೇಲೆ ಎಲ್ಲರೂ ಅವರವರ ಮನೆಗೆ ಹೋಗುತ್ತಿದ್ದರು. ಗೀಜಗ ಒಬ್ಬನೇ ಕೊಂಬೆಯ ಮೇಲೆ ಉಳಿಯುತ್ತಿದ್ದ.

ಒಂದು ಮಳೆಗಾಲ, ಹಾಡು ಕೇಳಿ ಹೆಣ್ಣುಹಕ್ಕಿಯೊಂದು ಬಂದಳು.

"ಹಾಡು ಚೆಂದ. ಮನೆ ಎಲ್ಲಿ?"

"ಕಟ್ತೀನಿ."

"ಬೇಗ ಕಟ್ಟು. ಮಳೆ ನಿಲ್ಲೋದರೊಳಗೆ ನಾನು ಮೊಟ್ಟೆ ಇಡಬೇಕು. ಆಗದಿದ್ದರೆ ಬೇರೆ ಮರ ನೋಡ್ಕೋತೀನಿ."

ಗೀಜಗ ಹುಲ್ಲಿನ ಎಳೆ ತಂದು, ಹಾಡುತ್ತಾ ಹಾಡುತ್ತಾ ನೇಯ್ದ. ಗೂಡು ಅರ್ಧವಾದಾಗ ಅವಳು ಬಂದು ಒಂದು ಎಳೆ ಜಗ್ಗಿದಳು. ಗಂಟು ಬಿಚ್ಚಿಕೊಂಡಿತು.

"ಹಾಡೋಕೆ ಬಾಯಿ ಬಿಟ್ಟಾಗಲೆಲ್ಲ ಎಳೆ ಜಾರಿದೆ ನೋಡು," ಎಂದು ಹಾರಿಹೋದಳು.

ಎರಡನೆಯದನ್ನು ಬಾಯಿ ಮುಚ್ಚಿಕೊಂಡೇ ನೇಯ್ದ. ಗಂಟುಗಳೇನೋ ಬಿಗಿಯಾದವು. ಆದರೆ ಗಾಳಿ ಬಂದು ಮುಟ್ಟಿದ್ದೇ ತಡ, ಅರ್ಧ ಕಟ್ಟಿದ ಗೂಡು ತಲೆಕೆಳಗಾಯಿತು.

"ನಾನೇನೂ ಬೇಕಂತ ಮಾಡಲಿಲ್ಲಪ್ಪ," ಎಂದಿತು ಗಾಳಿ. "ನಿನ್ನ ಮನೆಗೆ ತೂಕವೇ ಇಲ್ಲ."

ಹೆಣ್ಣುಹಕ್ಕಿ ದೂರದಿಂದಲೇ ನೋಡಿ ಹೋದಳು.

ಮೂರನೆಯ ಗೂಡಿನ ಒಳಗೋಡೆಗೆ ಹಸಿಮಣ್ಣು ಮೆತ್ತಿದ. ಗಾಳಿಗೆ ಅದು ಜಗ್ಗಲಿಲ್ಲ. ಅದೂ ಅರ್ಧವಾದಾಗ ಅವಳು ಬಂದು ಕೊಂಬೆಯನ್ನು ಮೇಲೆ ಕೆಳಗೆ ನೋಡಿದಳು.

"ಇಷ್ಟು ದಪ್ಪ ಕೊಂಬೆಯಾ? ಹಾವಿಗೆ ರಸ್ತೆ ಹಾಕಿಕೊಟ್ಟ ಹಾಗಿದೆಯಲ್ಲೋ!"

ಬೋರಲಾಗಿ ತೂಗುವ ಮೂರು ಅರ್ಧ ಗೂಡು ನೋಡಿ ಪಕ್ಕದ ಮರದ ಕಾಗೆಗೆ ನಗು ತಡೆಯಲಾಗಲಿಲ್ಲ. "ಏನಯ್ಯಾ, ಇದು ಮನೆಯೋ, ಟೋಪಿ ಅಂಗಡಿಯೋ? ಕಿತ್ತು ಬಿಸಾಕಬಾರದಾ? ನಾಚಿಕೆ ಆಗಲ್ವಾ?"

"ಆಗುತ್ತೆ ಕಾಗೆಯಣ್ಣ. ಆದರೆ ಕಿತ್ತುಹಾಕಿದರೆ ಎಲ್ಲಿ ತಪ್ಪಿದೆ ಅನ್ನೋದೇ ಮರೆತುಹೋಗುತ್ತೆ. ಇರಲಿ ಬಿಡು."

ಸುತ್ತಲಿನ ಮರಗಳಲ್ಲಿ ಮರಿಗಳು ಚಿಲಿಪಿಲಿ ಎನ್ನುತ್ತಿದ್ದವು. ಅವನ ಮೂರು ಗೂಡುಗಳು ಸುಮ್ಮನೆ ತೂಗುತ್ತಿದ್ದವು. ಹಾಡು ನಿಂತ ಮೇಲೆ ಗಾಳಿಯೂ ಅವನ ಮರದ ಬಳಿ ನಿಲ್ಲದೆ ಹಾದುಹೋಗುತ್ತಿತ್ತು. ಯಾರೂ ಅವನನ್ನು ಕೂಗಿ ಕರೆಯಲಿಲ್ಲ. ಅವನೂ ಯಾರನ್ನೂ ಕರೆಯಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕೊಕ್ಕಿನಲ್ಲಿ ಹುಲ್ಲು, ಇಲ್ಲವೇ ಮಣ್ಣು.

ಮಳೆ ತೆಳುವಾಗತೊಡಗಿತು. ಮೊದಲನೆಯ ಗೂಡಿನ ಗಂಟು ನೋಡಿದ, ಎರಡನೆಯದರ ತೂಕ ನೋಡಿದ, ಮೂರನೆಯದರ ಕೊಂಬೆ ನೋಡಿದ. ಆಮೇಲೆ ನೀರಿನ ಮೇಲೆ ಚಾಚಿದ, ಹಾವಿನ ಭಾರ ತಾಳದ ಸಣ್ಣ ಕಡ್ಡಿಯ ತುದಿಗೆ ನಾಲ್ಕನೆಯದನ್ನು ಕಟ್ಟತೊಡಗಿದ.

ಅವಳು ಬಂದಳು. ಎಳೆ ಜಗ್ಗಿದಳು, ಬಿಚ್ಚಲಿಲ್ಲ. ಗಾಳಿ ತಳ್ಳಿತು, ಗೂಡು ತೂಗಿ ಸುಮ್ಮನಾಯಿತು. ಅವಳು ಒಳಗೆ ಹೋದಳು. ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ.

"ಉಳಿದದ್ದನ್ನೂ ಮುಗಿಸು," ಎಂದು ಒಳಗಿನಿಂದಲೇ ಹೇಳಿದಳು.

ಗೀಜಗ ಉದ್ದನೆಯ ಬಾಗಿಲು ನೇಯ್ದು ಮುಗಿಸಿದ. ಸಂತೋಷ ತಡೆಯಲಾರದೆ ಹಾಡಲು ಬಾಯಿ ತೆರೆದ.

"ಚಿಟ್... ಚಿಟ್... ಚೀ..."

ಅವಳು ತಲೆ ಹೊರಹಾಕಿದಳು. "ತಮಾಷೆ ಸಾಕು. ಆ ಹಾಡು ಹಾಡೋ, ಅದನ್ನ ಕೇಳಿಯೇ ತಾನೇ ನಾನು ಬಂದದ್ದು."

ಮತ್ತೆ ಬಾಯಿ ತೆರೆದ. "ಚಿಟ್... ಚಿಟ್..."

"ಈಗ ಇಷ್ಟೇ ಬರೋದು," ಎಂದ.

ಅವಳು ತಲೆ ಒಳಗೆಳೆದುಕೊಂಡು ಮೊಟ್ಟೆಯಿಟ್ಟಳು.

ಅದಕ್ಕೇ ಮಗೂ, ಇವತ್ತಿಗೂ ಗೀಜಗನ ಮರದಲ್ಲಿ ಪೂರ್ತಿ ಗೂಡಿನ ಪಕ್ಕ ಅರ್ಧ ಗೂಡುಗಳು ತೂಗುತ್ತವೆ, ಗೀಜಗ ಚಿಟ್ ಚಿಟ್ ಎಂದಷ್ಟೇ ಅನ್ನುತ್ತಾನೆ: ಆ ಒಂದು ಮನೆಗೆ ಅವನು ತೆತ್ತದ್ದು ಮೂರು ಗೂಡು, ಒಂದು ಮಳೆಗಾಲ, ಮತ್ತು ಅವನಿಗಿದ್ದ ಹಾಡು.