ಮೊದಲನೇ ನಂಬರಿನ ಆಮೆ

ಆಮೆಯಾದ ನನಗೆ, ಊರೆಲ್ಲ ಮುಗಿಬಿದ್ದಿದ್ದ ಸ್ಪೋರ್ಟ್ಸ್ ಕಾರೇ ಬೇಕಾಯಿತು.

"ನಿಮ್ಮದು ನಲವತ್ತೊಂದನೇ ನಂಬರು. ಎರಡು ವರ್ಷ ಕಾಯಬೇಕು, ಸ್ವಾಮಿ," ಎಂದಿತು ಡೀಲರ್ ಎತ್ತು. ವ್ಯಾಪಾರ ಗೊತ್ತಿಲ್ಲದ ಪ್ರಾಣಿ ಎಂದು ಬೈದು, ಎದುರಿದ್ದ ನರಿಯ ಶೋರೂಮಿಗೆ ಹೋದೆ.

"ತಮ್ಮಂಥವರಿಗೂ ಸರದಿಯೇ? ನೀವೇ ಮೊದಲನೆಯವರು!" ಎಂದು ನರಿ ಕೈಮುಗಿಯಿತು. ನಾನು ಹಿಗ್ಗಿ, ಹೊಸ ಕಾರಿನ ಚಕ್ರದಡಿ ಇಡಲು ಅಂದೇ ನಾಲ್ಕು ನಿಂಬೆಹಣ್ಣು ಕೊಂಡೆ.

ಬಂದ ಕಾರುಗಳೆಲ್ಲ ಹೆಚ್ಚು ಹಣ ಕೊಟ್ಟ ನವಿಲುಗಳ ಪಾಲಾದವು. ಕೇಳಿದರೆ ನರಿ, "ಅವರಿಗೆ ನಿಮ್ಮಷ್ಟು ತಾಳ್ಮೆ ಇಲ್ಲವಲ್ಲ!" ಎನ್ನುತ್ತಿತ್ತು. ನಾನು ಮತ್ತೆ ಹಿಗ್ಗುತ್ತಿದ್ದೆ.

ಹೇಳಿದ ಎರಡು ವರ್ಷಕ್ಕೆ ಸರಿಯಾಗಿ, ನಾನು ಬಿಟ್ಟುಬಂದ ನಲವತ್ತೊಂದನೇ ನಂಬರಿನ ಕಾರನ್ನು ಎತ್ತು ಬಸವನಹುಳುವಿಗೆ ಕೊಟ್ಟಿತು.

"ನಿಂಬೆಹಣ್ಣು ಇದ್ದರೆ ಕೊಡಿ," ಎಂದಿತು ಹುಳು.

ಒಣಗಿಹೋಗಿದ್ದ ನಾಲ್ಕನ್ನೂ ಕೊಟ್ಟುಬಿಟ್ಟೆ. ನಂಬರು ಮಾತ್ರ ಬಿಟ್ಟುಕೊಟ್ಟಿಲ್ಲ. ನರಿಯ ಪಟ್ಟಿಯಲ್ಲಿ ಇವತ್ತಿಗೂ ನಾನೇ ಮೊದಲನೆಯವನು.