ಏಳೆಣ್ಣೆ ಗುಡ್ಡ

ಬಾ, ಈ ಕಂಬಳಿಯ ಮೇಲೆ ಕುಂಡ್ರು. ಕಾಲು ಎತ್ತ ಬೇಕಾದರೂ ಚಾಚು, ಕಿವಿ ಮಾತ್ರ ಇತ್ತ ಕೊಡು. ಕರಿಗೋಡಿನ ಅಗಸಿ ಬಾಗಿಲು ದಾಟಿ ಬಸ್ಸು ಎಡಕ್ಕೆ ಹೊರಳುವಲ್ಲಿ ಒಂದು ಬೋಳು ಗುಡ್ಡ ಕಾಣುತ್ತದಲ್ಲ, ಅದೇ ಏಳೆಣ್ಣೆ ಗುಡ್ಡ. ಈಗ ಅದರ ಬುಡದಲ್ಲಿ ನೀರಿನ ಟ್ಯಾಂಕು ಕಟ್ಟಿದ್ದಾರೆ, ನೆತ್ತಿಯಲ್ಲಿ ಮೊಬೈಲ್ ಟವರು ನಿಂತಿದೆ, ನಡುವೆ ಆಡು ಮೇಯುತ್ತವೆ. ಅಲ್ಲಿ ಗಾಣವಿಲ್ಲ, ಗಾಣಿಗರ ಮನೆಯಿಲ್ಲ, ಎಣ್ಣೆ ಬೇಡುವ ದೇವರೂ ಇಲ್ಲ. ಏಳು ಮಂದಿ ಗಾಣಿಗ ಅಣ್ಣತಮ್ಮಂದಿರು ಅಲ್ಲಿ ಬಾಳಿದ್ದರು ಎಂದು ಕೆಲವರು ಹೇಳುತ್ತಾರೆ. ಅದು ಹೆಸರು ಕೇಳಿದ ಮೇಲೆ ಹೊಸೆದ ಮಾತು. ಹಳಬರು ಹೇಳುವ ಕಥೆಯಲ್ಲಿ ಗಾಣಿಗರಿಲ್ಲ, ನಲವತ್ತು ಕೋವಿಗಳಿವೆ.

ಹಿಂದೆ ಒಮ್ಮೆ ಸಿಂಗಪ್ಪ ನಾಯಕನೆಂಬವನು ಕರಿಗೋಡನ್ನು ಆಳುತ್ತಿದ್ದನಂತೆ. ಅವನ ಕೋವಿಗಳು ಗುರಿ ತಪ್ಪುತ್ತಿರಲಿಲ್ಲ, ಆದರೆ ನೋಡಲು ಒಲೆ ಊದುವ ಕೊಳವೆಯಂತಿದ್ದವು. ಆ ವರ್ಷ ಮಹಾನವಮಿಗೆ ಬೀಗರ ಸೀಮೆಯ ದೊರೆ ಬರುವವನಿದ್ದ. ಅವನ ಕೋವಿಗಳಿಗೆ ಬೆಳ್ಳಿಯ ಬಳ್ಳಿ ಸುತ್ತಿದೆಯೆಂಬ ಸುದ್ದಿ ಮುಂಚೆಯೇ ಬಂದಿತ್ತು. ನಾಯಕ ಚಿತ್ರಗಾರ ಕನಕಪ್ಪನನ್ನು ಕರೆಸಿ, ನಲವತ್ತಕ್ಕೂ ಬಂಗಾರದ ಕಳೆ ಬರಬೇಕೆಂದ. ಈ ಕನಕಪ್ಪ ಸಾಮಾನ್ಯನಲ್ಲ. ಊರ ದೇವಿಯ ಮರದ ಮೂರ್ತಿಗೆ ವರ್ಷಕ್ಕೊಮ್ಮೆ ಹೊಸ ಬಣ್ಣ ಹಚ್ಚಿ ಕಣ್ಣು ಬರೆಯುವ ಹಕ್ಕು ಅವನ ಮನೆತನದ್ದು. ದೇವಿಗೆ ಹಚ್ಚಿದಂತೆಯೇ ಕೋವಿಗೂ ಹಚ್ಚಿದ: ಹುಣಸೆಬೀಜದ ಅಂಟು, ಅದರ ಮೇಲೆ ತವರದ ತೆಳು ತಗಡು, ಅದರ ಮೇಲೆ ಹಳದಿ ಅರಗು. ಬಿಸಿಲಿಗೆ ಹಿಡಿದರೆ ಕಣ್ಣು ಕುಕ್ಕಬೇಕು, ಹಾಗಿತ್ತು.

ನವಮಿಯ ದಿನ ಮೂರು ಸುತ್ತು ಗುಂಡು ಹಾರಿತು. ನಳಿಗೆ ಕಾಯಿತು. ಬಂಗಾರ ಹಪ್ಪಳದಂತೆ ಗುಳ್ಳೆಯೆದ್ದು, ಸಿಪ್ಪೆ ಸಿಪ್ಪೆಯಾಗಿ ಉದುರಿ, ಕೋವಿಯವರ ಅಂಗೈಗೆ ಅಂಟಿಕೊಂಡಿತು. ಬೀಗರ ದೊರೆ ಮೀಸೆಯ ಮರೆಯಲ್ಲೇ ನಕ್ಕ. ಸಿಂಗಪ್ಪ ನಾಯಕ ನಗಲಿಲ್ಲ. “ಯುಗಾದಿಯೊಳಗೆ ಬಾಳುವ ಬಣ್ಣ ತೋರಿಸು, ಇಲ್ಲವಾದರೆ ದೇವಿಯ ಕಣ್ಣು ಬರೆಯಲು ಬೇರೆ ಊರಿನವರನ್ನು ಕರೆಸುತ್ತೇನೆ” ಎಂದು ಎದ್ದುಹೋದ.

ಕನಕಪ್ಪ ಮನೆಗೆ ಬಂದವನೇ ಗೋಡೆಗೆ ಮುಖ ಮಾಡಿ ಮಲಗಿದ. ಅವನ ಮಗಳು ಹುಲಿಗೆವ್ವ, ಗಂಡ ತೀರಿದ ಮೇಲೆ ತವರಿಗೆ ಮರಳಿ ಬಣ್ಣ ಅರೆಯುತ್ತಿದ್ದವಳು. ಆ ಮನೆಯಲ್ಲಿ ಹೆಂಗಸರ ಪಾಲಿಗೆ ಅರೆಯುವುದಷ್ಟೇ, ಕುಂಚ ಗಂಡಸರದು. ಹಕ್ಕು ಹೋದರೆ ಅಪ್ಪ ಉಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಅಳುವುದಕ್ಕಿಂತ ಮೊದಲು ಅವಳಿಗೆ ಹುಟ್ಟಿದ್ದು ಒಂದು ಬೆರಗು: ವರ್ಷವಿಡೀ ದೇವಿಯ ಮೈಮೇಲೆ ನಿಲ್ಲುವ ಬಣ್ಣ, ಕಬ್ಬಿಣದ ಮೇಲೆ ಮೂರು ಗುಂಡಿಗೇಕೆ ನಿಲ್ಲಲಿಲ್ಲ? ಕೋವಿಮನೆಯ ಜಮೇದಾರ ಮದಾರಸಾಬನನ್ನೇ ಹೋಗಿ ಕೇಳಿದಳು.

“ನಿಮ್ಮಪ್ಪ ಕೋವಿಗೆ ದೇವರ ಬಣ್ಣ ಹಚ್ಚ್ಯಾನವ್ವಾ,” ಎಂದ ಮದಾರಸಾಬ. “ದೇವಿ ಕುಂತಲ್ಲೇ ಕುಂತಿರ್ತಾಳ. ಇದು ಒದೀತೈತಿ, ಕಾಯ್ತೈತಿ, ಬೆವರಿನ ಕೈಯಾಗ ಹೊರಳಾಡ್ತೈತಿ. ಇದು ದೇವರಲ್ಲ, ಅಡಿಗಿಮನಿ ಸಾಮಾನು!”

ಅವನು ಕುಹಕಕ್ಕೆ ಆಡಿದ ಮಾತು ಅವಳ ತಲೆಯಲ್ಲಿ ನಿಂತಿತು. ಮನೆಗೆ ಬಂದು ರೊಟ್ಟಿಯ ಕಬ್ಬಿಣದ ಹಂಚನ್ನು ತಿರುವಿ ನೋಡಿದಳು. ಅಜ್ಜಿಯ ಕಾಲದ್ದು, ದಿನಾ ಬೆಂಕಿ ಕಾಣುತ್ತದೆ, ಕಪ್ಪು ಕಳೆ ಹೋಗಿಲ್ಲ, ಬೂದಿಯಿಂದ ಉಜ್ಜಿದರೂ ಹೋಗದು, ನೀರು ಹಾಕಿದರೆ ಮುತ್ತಾಗಿ ಉರುಳುತ್ತದೆ. ಹಾಗಾದರೆ ಬೆಂಕಿಗೆ ಹೆದರದ ಬಣ್ಣವನ್ನು ಬೆಂಕಿಯಲ್ಲೇ ಹಚ್ಚಬೇಕು! ಮದಾರಸಾಬನಿಂದ ಒಂದು ಕೋವಿ ಬೇಡಿ ತಂದು, ಮರದ ಹಿಡಿ ಬಿಚ್ಚಿಸಿ, ನಳಿಗೆಗೆ ಕುಸುಬಿ ಎಣ್ಣೆ ಸವರಿ, ಹಿತ್ತಲಲ್ಲಿ ಕುಳ್ಳಿನ ಬೆಂಕಿಗೆ ಹಿಡಿದಳು. ಚಿತ್ರಗಾರರ ಕೈಯಲ್ಲವೇ, ಧಾರಾಳವಾಗಿಯೇ ಬಳಿದಿದ್ದಳು. ಎಣ್ಣೆ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು. ಹೊಗೆಗೆ ನೆರೆಮನೆಯ ಮುದುಕಿ ಕೆಮ್ಮಿ ಕೆಮ್ಮಿ, “ಏ ಹುಲಿಗೀ, ಗಂಡನ್ನ ಸುಟ್ಟು ಬಂದಿ, ಈಗ ಓಣೀನ ಸುಡ್ತೀಯೇನ?” ಎಂದು ಬಾಯಿ ಮಾಡಿದಳು. ಹುಲಿಗೆವ್ವ ಎಣ್ಣೆಗಡಿಗೆ, ಕುಳ್ಳು, ನಳಿಗೆ ಹೊತ್ತು ಊರಾಚೆಯ ಗುಡ್ಡ ಹತ್ತಿದಳು.

ಅಲ್ಲಿ ಅವಳು ಕಲಿತದ್ದು ಇಷ್ಟು. ಎಣ್ಣೆ ಹಚ್ಚಬೇಕು, ಹಚ್ಚಲೇ ಇಲ್ಲವೆನ್ನುವಂತೆ ಒರೆಸಬೇಕು, ಆಮೇಲೆ ಸುಡಬೇಕು, ಆರಿದ ಮೇಲೆ ಮತ್ತೆ ಹಚ್ಚಬೇಕು. ಬೆಂಕಿ ಹೆಚ್ಚಾದರೆ ನಳಿಗೆ ಮೆತ್ತಗಾಗಿ ಗುಂಡು ಹಾರಿಸುವಾಗ ಸಿಡಿದೀತೆಂದು ಮದಾರಸಾಬ ಹೆದರಿಸಿದ್ದ. ಅದಕ್ಕೆ ಅವಳು ಕಾದ ನಳಿಗೆಯ ಮೇಲೆ ಜೋಳದ ಹಿಟ್ಟು ಉದುರಿಸಿ ನೋಡುತ್ತಿದ್ದಳು; ಹಿಟ್ಟು ಕೆಂಪಗಾದರೆ ಸರಿ, ಕಪ್ಪಗಾಗುವ ಮುನ್ನ ಕೆಳಗಿಳಿಸಬೇಕು. ಕೆಂಪು ಬಣ್ಣಕ್ಕೆಂದು ಎಣ್ಣೆಗೆ ಇಂಗಳೀಕ ಬೆರೆಸಿದಳು, ಅದು ಕಾವಿಗೆ ಕರಿದಾಯಿತು. ಗುಡ್ಡದ್ದೇ ಕೆಮ್ಮಣ್ಣು ಅರೆದು ಬೆರೆಸಿದಳು, ಅದು ನಿಂತಿತು; ಅದರಿಂದಲೇ ಕಪ್ಪಿನ ಮೇಲೆ ಬಳ್ಳಿ ಬರೆದಳು. ನಾಲ್ಕನೆಯ ಎಣ್ಣೆಗೆ ಉಗುರು ಗೀರುತ್ತಿತ್ತು, ಆರನೆಯದಕ್ಕೆ ಚಾಕು ಗೀರಿತು. ಏಳನೆಯದಕ್ಕೆ ಚಾಕು ಜಾರಿತು.

ಯುಗಾದಿಯ ದಿನ ಮದಾರಸಾಬ ಆ ಕೋವಿಯಿಂದ ಒಂದರ ಹಿಂದೊಂದು ಹನ್ನೆರಡು ಗುಂಡು ಹಾರಿಸಿದ. ಮೊದಲನೆಯದಕ್ಕೆ ಹುಲಿಗೆವ್ವ ಕಣ್ಣು ಮುಚ್ಚಿದ್ದಳು, ನಳಿಗೆ ಸಿಡಿಯಲಿಲ್ಲ. ಕಾದದ್ದನ್ನು ಹಾಗೆಯೇ ಕೆರೆಯಲ್ಲಿ ಅದ್ದಿದ, ಮರಳಿನಿಂದ ತಿಕ್ಕಿದ. ಕಪ್ಪು ನೆಲದ ಮೇಲಿನ ಕೆಂಪು ಬಳ್ಳಿಯ ಒಂದೆಲೆಯೂ ಅಲುಗಲಿಲ್ಲ.

“ಬಂಗಾರ ಎಲ್ಲಿ?” ಎಂದ ನಾಯಕ.

“ಬಂಗಾರ ಉದುರಿ ಹೋತ್ರಿ ಒಡೆಯಾ. ಇದು ಉಳದೈತಿ,” ಎಂದಳು ಹುಲಿಗೆವ್ವ.

ನಾಯಕ ಬಹಳ ಹೊತ್ತು ನಳಿಗೆಯ ಮೇಲೆ ಬೆರಳಾಡಿಸಿ, ಉಳಿದ ಮೂವತ್ತೊಂಬತ್ತಕ್ಕೂ ಇದೇ ಆಗಲಿ, ಹಕ್ಕು ಕನಕಪ್ಪನದೇ ಎಂದ. ಆಗ ಕನಕಪ್ಪ ಮುಂದೆ ಬಂದು ಕೈಮುಗಿದ. “ಉದುರಿದ್ದು ನನ್ನ ಕೈಯಿಂದು ಒಡೆಯಾ, ಉಳಿದದ್ದು ಆಕೀ ಕೈಯಿಂದು. ಹಕ್ಕು ಆಕೀಗೆ ಬರ್ಕೊಡ್ರಿ.” ಪೂಜಾರಿ ಗೊಣಗಿದ. ಮದಾರಸಾಬ ಅವನತ್ತ ತಿರುಗಿ, “ಹೆಣ್ಣುದೇವರ ಕಣ್ಣಿಗೆ ಕಾಡಿಗೆ ಹೆಣ್ಣುಮಗಳು ಹಚ್ಚಿದ್ರ ತಾಯಿ ಸಿಟ್ಟಾಗ್ತಾಳೇನ್ರಿ ಸ್ವಾಮೇರ?” ಎಂದಾಗ ನೆರೆದವರೆಲ್ಲ ನಕ್ಕರಂತೆ. ಆ ನಗುವಿನಲ್ಲೇ ತೀರ್ಮಾನವೂ ಆಯಿತು.

ಆ ಬೇಸಿಗೆಯೆಲ್ಲ ಗುಡ್ಡದಿಂದ ಹೊಗೆ ಏಳುತ್ತಿತ್ತು. ಹೊಲಕ್ಕೆ ಹೋಗುವವರು ಕೆಳಗಿನಿಂದ ಕೂಗುತ್ತಿದ್ದರು, “ಎಷ್ಟನೇ ಎಣ್ಣಿ ನಡದೈತಬೇ ಹುಲಿಗೆವ್ವಾ?” ಮೇಲಿನಿಂದ ಅವಳು ಐದು ಎಂದೋ ಆರು ಎಂದೋ ಕೂಗಿ ಹೇಳುವಳು. ಏಳು ಎಂದರೆ ಅಂದು ಒಂದು ಕೋವಿ ಮುಗಿಯಿತೆಂದು ಊರಿಗೆಲ್ಲ ತಿಳಿಯುತ್ತಿತ್ತು. ಹೀಗೆ ಗುಡ್ಡಕ್ಕೆ ಹೆಸರಾಯಿತು ಎನ್ನುತ್ತಾರೆ. ಈಗಲೂ ಮಳೆ ಬಂದಾಗ ಹೋಗಿ ನೋಡು, ನೆತ್ತಿಯ ಬಂಡೆಯಲ್ಲಿ ಕರಿಯ ಕಲೆಗಳಿವೆ. ಸುತ್ತಲಿನ ಕಲ್ಲು ನೆನೆಯುತ್ತದೆ, ಅವು ನೆನೆಯುವುದಿಲ್ಲ.

ಸಿಂಗಪ್ಪ ನಾಯಕನ ವಂಶ ಮೂರನೆಯ ತಲೆಗೆ ನಿಂತಿತು. ಅವನ ಅರಮನೆಯ ಕಲ್ಲು ಊರವರ ದನದ ಕೊಟ್ಟಿಗೆಗಳಲ್ಲಿವೆ. ಕೋವಿಗಳು ಒಂದು ಕಾಳಗಕ್ಕೆ ಹೋದವು, ಮರಳಿ ಬರಲಿಲ್ಲ. ಮದಾರಸಾಬನಿಗೆ ಮುಪ್ಪಿನಲ್ಲಿ ಕಣ್ಣು ಹೋದವು. ಮಸೀದಿಯ ಕಟ್ಟೆಯಲ್ಲಿ ಕುಳಿತು ಪಡ್ಡೆಗಳಿಗೆ ಕೋವಿಯ ಕಥೆ ಹೇಳುತ್ತಾ ಹೇಳುತ್ತಾ ತೀರಿಕೊಂಡ. ಕನಕಪ್ಪ ಮತ್ತೆ ಕುಂಚ ಹಿಡಿಯಲಿಲ್ಲ; ಮಗಳಿಗೆ ಬಣ್ಣ ಅರೆದು ಕೊಡುತ್ತಾ ಸುಖವಾಗಿ ಮುದುಕನಾದ. ಹುಲಿಗೆವ್ವ ಮೂವತ್ತೊಂದು ವರ್ಷ ದೇವಿಯ ಕಣ್ಣು ಬರೆದಳು. ಕಣ್ಣು ಬರೆದವರು ಆ ವರ್ಷವಿಡೀ ದೇವಿಯ ಎದುರು ನಿಲ್ಲಬಾರದೆಂಬುದು ಅಲ್ಲಿಯ ಕಟ್ಟಳೆ; ಅಷ್ಟು ವರ್ಷವೂ ಅವಳು ನಿಂತಿರಲಿಲ್ಲ. ಕೈ ನಡುಗತೊಡಗಿದ ವರ್ಷ ತಂಗಿಯ ಮಗಳಿಗೆ ಕುಂಚ ಕೊಟ್ಟು, ಹೆಂಗಸರ ಸಾಲಿನಲ್ಲಿ ಎಲ್ಲರಂತೆ ನಿಂತು, ತನ್ನ ಸರದಿ ಬಂದಾಗ ತಲೆಯೆತ್ತಿ ತಾಯಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಹಿಂದಿನವರು ನೂಕಿದರೂ ಸರಿಯಲಿಲ್ಲವಂತೆ.