ಕಂಬದ ನಾಡಿ

ಹೊಳೆಯ ದಂಡೆಯ ಆಶ್ರಮದಲ್ಲಿ ನಾಡಿ ನೋಡುವುದನ್ನು ಕಲಿಸುವ ಗುರು ಒಬ್ಬರಿದ್ದರು. ಮರಿಬಸಯ್ಯ ಎಂದು ಹೆಸರು, ಕರೆಯುವವರಿಗೆಲ್ಲ ಅಜ್ಜ. ಅವರ ಬಳಿ ಸಂಕವ್ವ ಎಂಬ ಶಿಷ್ಯೆ ಎರಡು ವರ್ಷದಿಂದ ಬೇರು ಕುಟ್ಟುತ್ತಿದ್ದಳು. ರೋಗಿಯ ಕೈ ಹಿಡಿಯಲು ಆಕೆಗಿನ್ನೂ ಅಪ್ಪಣೆ ಸಿಕ್ಕಿರಲಿಲ್ಲ.

ಅಂಬಿಗರ ಹುಲುಗಪ್ಪ ಒಂಬತ್ತು ದಿನ ಜ್ವರದಲ್ಲಿ ಬೆಂದು, ಆಶ್ರಮದ ಪಡಸಾಲೆಯಲ್ಲಿ ಮಲಗಿದ್ದ. ಆ ಮುಂಜಾನೆ ಅವನ ಮೈ ತಣ್ಣಗಾಯಿತು.

ಅಜ್ಜ ಅವನ ಮಣಿಕಟ್ಟು ಹಿಡಿದು ಬಹಳ ಹೊತ್ತು ಕೂತರು.

"ನನ್ನ ಕೈಗೆ ಸಿಗವಲ್ದು" ಎಂದರು.

ಹಿರಿಯ ಶಿಷ್ಯ ಕಾಡಯ್ಯ ಅಂಗಳಕ್ಕೆ ಇಳಿದು ಅಲ್ಲಿ ಸೇರಿದ್ದ ಜನಕ್ಕೆ ಹೇಳಿದ. "ಮುಗೀತು. ಚಟ್ಟಕ್ಕ ಬಿದಿರು ಕಡೀರಿ."

ಹುಲುಗಪ್ಪನ ಹೆಂಡತಿ ಫಕೀರವ್ವ ಬಾಯಿ ಬಡಿದುಕೊಂಡಳು. ಆ ದನಿ ಹೊಳೆಯಲ್ಲಿ ನೀರು ತುಂಬುತ್ತಿದ್ದ ಸಂಕವ್ವನಿಗೆ ಕೇಳಿತು. ಕೊಡವನ್ನು ಅಲ್ಲೇ ಬಿಟ್ಟು, ಮೆಟ್ಟಿಲು ಹತ್ತಿ ಓಡಿ ಬಂದಳು. ಅಪ್ಪಣೆ ಕೇಳದೆ ಹುಲುಗಪ್ಪನ ಕೈ ಹಿಡಿದಳು.

"ಐತಿ ಅಜ್ಜಾ! ಬಡೀಲಿಕ್ಕೆ ಹತ್ತೈತಿ!"

"ಆ ಕಂಬ ಹಿಡಿ" ಎಂದರು ಅಜ್ಜ.

ಸಂಕವ್ವ ಪಡಸಾಲೆಯ ಕಂಬಕ್ಕೆ ಮೂರು ಬೆರಳು ಒತ್ತಿದಳು. ಕಂಬವೂ ಬಡಿಯುತ್ತಿತ್ತು.

ಅವಳ ಮುಖ ನೋಡಿ ಕಾಡಯ್ಯ ನಕ್ಕ. "ಕಂಬಕ್ಕೂ ಜೀವ ಬಂತು. ಒಂದೀಟು ಗಂಜಿ ಕುಡಿಸವ್ವ."

ಸಂಕವ್ವನ ಕಿವಿ ಕೆಂಪಾಯಿತು. ಆದರೆ ಕಂಬದಿಂದ ಕೈ ತೆಗೆಯಲಿಲ್ಲ.

"ಕಂಬದಾಗ ಬಡಿದದ್ದು ಓಡಿ ಬಂದ ನನ್ನ ನಾಡಿ, ಖರೆ. ಅವನ ಕೈಯಾಗ ಬಡಿದದ್ದೂ ನಂದೇ ಅಂತ ಹೆಂಗ ಹೇಳ್ತಿ?"

"ಅಜ್ಜಾರ ಬೆರಳಿಗಿಂತ ನಿನ್ನ ಬೆರಳು ದೊಡ್ಡವೇನು?"

"ಅವರ ಬೆರಳು ಅವರ ಹತ್ರ ಅದಾವ. ನನಗಿರೂವು ಇವೇ ಮೂರು."



ಸಂಕವ್ವ ಕಂಬದ ಬುಡದಲ್ಲಿ ಕೂತಳು. ಏದುಸಿರು ಇಳಿಯಲಿ ಎಂದು ಕಣ್ಣು ಮುಚ್ಚಿದಳು. ಅಂಗಳದಲ್ಲಿ ಬಿದಿರಿಗೆ ಮಚ್ಚಿನ ಏಟು ಬೀಳುತ್ತಿತ್ತು. ಒಂದೊಂದು ಏಟಿಗೂ ಎದೆ ಹಾರುತ್ತಿತ್ತು, ಕಂಬ ಬಡಿಯುತ್ತಿತ್ತು.

"ಮಚ್ಚು ನಿಲ್ಲಸ್ರಿ!" ಎಂದು ಕೂಗಿದಳು.

ಯಾರೂ ನಿಲ್ಲಿಸಲಿಲ್ಲ. ಫಕೀರವ್ವ ಕಣ್ಣೊರೆಸಿಕೊಂಡು ಎದ್ದಳು. ಅಂಗಳಕ್ಕೆ ಹೋಗಿ ಆ ಬಿದಿರಿನ ಮೇಲೇ ಕೂತುಬಿಟ್ಟಳು.

"ಈಗ ಕಡೀರಿ ನೋಡೋಣ" ಎಂದಳು.

ಮಚ್ಚು ನಿಂತಿತು.

ಬಿಸಿಲು ಪಡಸಾಲೆಯ ಅಂಚಿಗೆ ಬಂತು. ಸಂಕವ್ವನ ಬೆರಳ ಕೆಳಗೆ ಕಂಬ ಮೆಲ್ಲಗೆ ಮೆಲ್ಲಗೆ ಬರೀ ಕಟ್ಟಿಗೆಯಾಯಿತು.

ಆಗ ಎದ್ದು ಹುಲುಗಪ್ಪನ ಕೈ ಹಿಡಿದಳು. ಏನೂ ಇಲ್ಲ. ಏನೂ ಇಲ್ಲ. ಆಮೇಲೆ ಇರುವೆ ಹರಿದಂತೆ ಒಂದು. ಬಹಳ ಹೊತ್ತಿಗೆ ಇನ್ನೊಂದು.

ಈ ಸಲ ಕೂಗಲಿಲ್ಲ. ಮತ್ತೆ ಹೋಗಿ ಕಂಬ ಮುಟ್ಟಿದಳು. ಕಂಬ ಸುಮ್ಮನಿತ್ತು. ಮತ್ತೆ ಬಂದು ಕೈ ಹಿಡಿದಳು.

"ಐತಿ" ಎಂದಳು.

"ಅಂಗಾಲು ತಿಕ್ಕು" ಎಂದು ಅಜ್ಜ ಕಾಡಯ್ಯನ ಕಡೆ ತಿರುಗಿದರು. "ಆ ಬಿದಿರು ಒಲೆಗೆ ಹಾಕು. ನೀರು ಕಾಯಲಿ."

ತಿಂಗಳು ಕಳೆದ ಮೇಲೆ ಹುಲುಗಪ್ಪನೇ ಹುಟ್ಟು ಹಾಕಿ ಗುರು-ಶಿಷ್ಯೆಯರನ್ನು ಹರಿಗೋಲಿನಲ್ಲಿ ಆಚೆ ದಂಡೆಗೆ ದಾಟಿಸಿದ. ದಾರಿಯಲ್ಲಿ ಸಂಕವ್ವ ಕೇಳಿದಳು.

"ಅಜ್ಜಾ, ಅವತ್ತು ನೀವು ಜೀವ ಇಲ್ಲ ಅಂದಿದ್ರಂತಲ್ಲ?"

"ನನ್ನ ಕೈಗೆ ಸಿಗವಲ್ದು ಅಂದಿದ್ದೆ. ಬೆರಳು ಜೋಮು ಹಿಡಿದು ವರ್ಷಾತು."

ಸಂಕವ್ವ ತನ್ನ ಮೂರು ಬೆರಳು ನೋಡಿಕೊಂಡಳು. "ಹಂಗಾದರ ಇನ್ನು ಮ್ಯಾಲೆ ನನ್ನ ಬೆರಳು ಹೇಳಿದ್ದನ್ನ ನಂಬಲೇನು?"

ಅಜ್ಜ ನೀರಿನ ಕಡೆ ನೋಡುತ್ತ ಅಂದರು:

"ಕಂಬಾನ ಕೇಳು."